ಸಾಲಹಳ್ಳಿಯ ಕೌದಿ, ಜಪಾನಿನ ಟಿಕೆಟ್

“ಎರಡನೇ ಹೆಸರು ಹೇಳ್ರಿ ಸರ್... ಲಗೂನ ಹೇಳ್ರಿ! ಇನ್ನ ನಾಕ ನಿಮಿಷ ಅಷ್ಟ ಐತಿ!”

ಉಮಾಶ್ರೀಯ ಕಣ್ಣು ಕಂಪ್ಯೂಟರ್ ಪರದೆಯ ಮೇಲೆ ನೆಟ್ಟಿತ್ತು. ಮೂಲೆಯಲ್ಲಿ ಕೆಂಪು ಅಂಕಿಗಳು ಒಂದೊಂದಾಗಿ ಇಳಿಯುತ್ತಿದ್ದವು.

ಬೈಲಹೊಂಗಲ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಅವಳ ಆನ್‌ಲೈನ್ ಸೆಂಟರಿಗೆ ಪಹಣಿ ತೆಗೆಸುವವರು, ಆಧಾರ್ ತಿದ್ದಿಸುವವರು, ಪರೀಕ್ಷೆಯ ಫಾರ್ಮ್ ತುಂಬಿಸುವವರು ದಿನಾಲೂ ಬರುತ್ತಿದ್ದರು. ಆದರೆ ಜಪಾನಿನ ಮ್ಯೂಸಿಯಂ ಟಿಕೆಟ್ ಬೇಕೆಂದು ಬಂದವನು ಇವನೊಬ್ಬನೇ!

ಬೆಳಿಗ್ಗೆ ಆರಕ್ಕೆ ಅವಳು ಶಟರ್ ಎತ್ತುವಾಗಲೇ ಅವನು ಮೆಟ್ಟಿಲ ಮೇಲೆ ಕುಳಿತಿದ್ದ. ಹೆಸರು ಸುನೀಲ. ಕಿತ್ತೂರಿನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲಾ ಮಾಸ್ತರ.

“ಆ ಮ್ಯೂಸಿಯಂ ಬಾಗಲಾಗ ಟಿಕೆಟ್ ಕೊಡಂಗಿಲ್ರಿ ಮೇಡಂ. ಮೂರು ತಿಂಗಳ ಮೊದಲ ಆನ್‌ಲೈನ್‌ನ್ಯಾಗ ಹಿಡೀಬೇಕು. ಅಲ್ಲಿ ಹತ್ತು ಗಂಟಿ ಅಂದ್ರ ನಮಗ ಆರೂವರಿ. ನನ್ನ ಫೋನಿನ್ಯಾಗ ಪೇಜ್ ತೆರಿವಲ್ದು...”

ಆರೂವರೆಗೆ ಸೈಟ್ ತೆರೆಯಿತು. ಅವರ ಮುಂದೆ ಎಂಟು ಸಾವಿರದ ನಾಲ್ಕುನೂರು ಜನರಿದ್ದಾರೆ ಎಂದು ತೋರಿಸಿತು!

ಮುಕ್ಕಾಲು ಗಂಟೆ ಇಬ್ಬರೂ ಆ ಅಂಕಿಯನ್ನೇ ನೋಡುತ್ತ ಕುಳಿತರು. ಅವನ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಅಂಟಿತ್ತು. ಸಾವಿರ ಜನ ಕಡಿಮೆಯಾದಾಗಲೆಲ್ಲ ಅವನು ಚಿಕ್ಕ ಮಗುವಿನಂತೆ ನಗುತ್ತಿದ್ದ. ‘ಎಂಥ ನಗು ಇದು...’ ಎಂದುಕೊಂಡು ಉಮಾಶ್ರೀ ತನ್ನನ್ನೇ ಗದರಿಕೊಂಡಳು.

ಈಗ ಸರದಿ ಬಂದಿತ್ತು. ಅವನ ಹೆಸರು ಟೈಪ್ ಮಾಡಿಯಾಗಿತ್ತು.

“ಹೆಸರು ಬರೋಬ್ಬರಿ ಹೇಳ್ರಿ. ಒಮ್ಮಿ ಹಾಕಿದ್ರ ಬದಲಿ ಮಾಡಾಕ ಬರಂಗಿಲ್ಲಂತ. ಬಾಗಲಾಗ ಪಾಸ್‌ಪೋರ್ಟ್ ನೋಡತಾರಂತ.”

“ಬರಕೋರಿ... ಸುಂದರವ್ವ ಮುದಕಪ್ಪ ಹೊಸಮನಿ.”

ಉಮಾಶ್ರೀಯ ಕೈ ಅಲ್ಲೇ ನಿಂತಿತು.

“ಯಾ... ಯಾವೂರ್ರಿ?”

“ಸಾಲಹಳ್ಳಿ. ರಾಮದುರ್ಗ ತಾಲೂಕು.”

ಪರದೆಯ ಮೇಲಿನ ಅಕ್ಷರಗಳೆಲ್ಲ ಕಲಸಿಹೋದವು. ಆದರೂ ಅವಳ ಬೆರಳುಗಳು ಆ ಹೆಸರನ್ನು ಒಂದೂ ತಪ್ಪಿಲ್ಲದೆ ಟೈಪ್ ಮಾಡಿದವು. ಎಷ್ಟು ಫಾರ್ಮುಗಳಲ್ಲಿ ಬರೆದಿದ್ದಳು ಆ ಹೆಸರನ್ನು! ಮರಣ ದಾಖಲೆಯ ಅರ್ಜಿಯಲ್ಲೂ...

ಟಿಕೆಟ್ ಬುಕ್ ಆಯಿತು. ಅವನು ಚಪ್ಪಾಳೆ ತಟ್ಟಿ ಎದ್ದುನಿಂತ.

“ಸಿಕ್ತಲ್ರೀ! ಈಗ ಸಾಲಹಳ್ಳಿ ಬಸ್ ಹಿಡದು ಆ ಅವ್ವಗ ಹೇಳತೇನಿ. ಪಾಸ್‌ಪೋರ್ಟ್ ನಾನ ಓಡ್ಯಾಡಿ ಮಾಡಿಸ್ತೇನಿ. ಆಕಿಗೆ ನಂಬಿಕಿನ ಬರಂಗಿಲ್ಲ ನೋಡ್ರಿ!”

ಪ್ರಿಂಟರಿನಿಂದ ಹಾಳೆ ಹೊರಬಂತು. ಮೇಲ್ಗಡೆ ವಿಶೇಷ ಪ್ರದರ್ಶನದ ಚಿತ್ರವೊಂದಿತ್ತು. ಉಮಾಶ್ರೀ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಳು.

ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಒಂದು ಕೌದಿ! ನಡುವೆ ಅಪ್ಪನ ಬಿಳಿ ಧೋತರ. ಅಂಚಿಗೆ ಅವ್ವನ ಮದುವೆ ಸೀರೆಯ ಸೆರಗು. ಮೂಲೆಯಲ್ಲಿ ತನ್ನ ಹಳದಿ ಫ್ರಾಕಿನ ತುಂಡು...

“ಇದು... ಇದನ್ನ ಯಾರು ಒಯ್ದದ್ದು?”

“ನಾನ ಒಯ್ದೆನ್ರಿ, ನಾಕು ವರ್ಷದ ಹಿಂದ. ಧಾರವಾಡದ ಒಂದು ಕಲಾ ಸಂಘದಾಗ ಪ್ರದರ್ಶನಕ್ಕ ಇಟ್ಟಿದ್ವಿ. ಜಪಾನಿನವರು ಅಲ್ಲಿಂದ ಕೇಳಿ ಒಯ್ದಾರ. ಕೌದಿ ಹೊಲದಾಕಿನ ಕರಕೊಂಡ ಹೋಗಾಕ ಸಂಘದವರು ಇಬ್ಬರ ವಿಮಾನದ ಖರ್ಚು ಕೊಡತಾರ. ಆದ್ರ ಮ್ಯೂಸಿಯಂದವರು ಯಾರಿಗೂ ಪುಕ್ಕಟೆ ಒಳಗ ಬಿಡಂಗಿಲ್ಲಂತ. ತಾ ಹೊಲದ ಕೌದಿ ನೋಡಾಕ ತಾನ ಟಿಕೆಟ್ ತಗೀಬೇಕು ಆ ಅವ್ವ! ಹೆಂಗೈತಿ ನೋಡ್ರಿ ತಮಾಷಿ!”

ಅವನು ನಗುತ್ತಿದ್ದ. ಉಮಾಶ್ರೀ ನಗಲಿಲ್ಲ.

“ಆಕಿ ಬರಂಗಿಲ್ಲ.”

“ಯಾಕ್ರಿ?”

“ಆಕಿ ಸತ್ತು ಮೂರು ವರ್ಷ ಆತು! ನಾ ಆಕಿ ಮಗಳು!”

ಸುನೀಲನ ಮುಖದ ನಗು ಹಾಗೇ ಆರಿಹೋಯಿತು. ಅವನು ನಿಧಾನವಾಗಿ ಕುರ್ಚಿ ಹಿಡಿದು ಕುಳಿತುಬಿಟ್ಟ.

“ಸುಂದರವ್ವ... ಇಲ್ಲಾ?”

“ಹಾರ್ಟ್ ಅಟ್ಯಾಕ್. ನಾ ಬೆಳಗಾವಿ ಹಾಸ್ಟೆಲ್‌ನ್ಯಾಗ ಓದ್ತಿದ್ದೆ. ಬರೂದ್ರಾಗ ಎಲ್ಲಾ ಮುಗದಿತ್ತು. ಆಕಿ ಹೊಲದ ಕೌದಿನಾದ್ರೂ ಅಪ್ಪಿಕೊಂಡು ಅಳಬೇಕಂತ ಟ್ರಂಕ್ ತಗದ್ರ, ಖಾಲಿ! ಯಾರೋ ಮಾಸ್ತರ ಒಯ್ದಾನ, ತಂದ ಕೊಡತಾನ ಅಂತ ಊರವರು ಅಂದ್ರು. ಮೂರು ವರ್ಷ... ಮೂರು ವರ್ಷ ಹಾದಿ ಕಾದೇನ್ರಿ! ಕಳ್ಳ ಅಂತ ಬೈದೇನಿ ನಿಮಗ!”

“ನಾ... ಫೋನ್ ಮಾಡಿದ್ದೆ. ನಂಬರ್ ಹತ್ತಲಿಲ್ಲ...”

“ಸಾಲಹಳ್ಳಿ ಏನು ಜಪಾನಿನ್ಯಾಗ ಐತೇನ್ರಿ? ಒಂದು ಸಲ ಬರಾಕ ಆಗ್ಲಿಲ್ಲಾ?”

ಅವನು ಕೈಮುಗಿದು, ತಲೆ ತಗ್ಗಿಸಿ ಹೊರಟುಹೋದ. ಟಿಕೆಟ್ ಟೇಬಲ್ ಮೇಲೆಯೇ ಉಳಿಯಿತು.

* * *

ಮುಂದಿನ ರವಿವಾರ ಅವನು ಮತ್ತೆ ಬಂದ!

“ಬೈರಿ, ಬ್ಯಾಡನ್ನಂಗಿಲ್ಲ. ಒಂದು ಸಲ ಬಂದ ನೋಡಬೇಕಿತ್ತು ನಾ. ಇವತ್ತ ಬರತೇನಿ, ನಾಳಿ ಬರತೇನಿ ಅಂತ ದಿನಾ ದೂಡಿದೆ. ಅದು ನಂದ ತಪ್ಪು. ಆದ್ರ ಇದು ನಿಮ್ಮ ಹಂತೇಕ ಇರಬೇಕು.”

ಅವನು ಹಳೆಯ ಫೋನೊಂದನ್ನು ಅವಳ ಮುಂದಿಟ್ಟು ಗುಂಡಿ ಒತ್ತಿದ.

“ಇದು ನನ್ನ ಗಂಡನ ಧೋತರ ನೋಡಪಾ...”

ಉಮಾಶ್ರೀ ಬೆಚ್ಚಿಬಿದ್ದಳು! ಅವ್ವ! ಅವ್ವನ ದನಿ! ಹಿಂದೆ ಎಮ್ಮೆ ಕೂಗುವುದೂ ಕೇಳುತ್ತಿತ್ತು.

“...ಈ ಹಳದಿ ತುಂಡು ನನ್ನ ಮಗಳ ಫ್ರಾಕು. ಹರಿಯಾಕ ಕೊಡವಲ್ಲಳು, ನಾಕು ದಿನ ಅತ್ತಳು!” ಅವ್ವ ನಗುತ್ತಿದ್ದಳು. ಆಮೇಲೆ ಸುನೀಲನ ದನಿ: “ಯಾವಾಗ ವಾಪಸ್ ತಂದ ಕೊಡ್ಲಿ ಯವ್ವಾ?”

“ತರಬ್ಯಾಡ. ನಾ ರಾಮದುರ್ಗ ಸಂತಿ ದಾಟಿ ಹೋದಾಕ್ಯಲ್ಲ. ನಾ ಹೊಲದದ್ದಾದ್ರೂ ನಾಕು ಊರು ನೋಡ್ಲಿ. ಮಗಳು ಸಿಟ್ಟಾಗತಾಳ. ಸಿಟ್ಟು ಮೂಗಿನ ಮ್ಯಾಲ ಐತಿ ಆಕಿಗೆ, ಮನಸು ಮಾತ್ರ ಬೆಣ್ಣಿ. ಕೇಳಿದ್ರ ಹೇಳು, ಅವ್ವ ನಕ್ಕೋಂತ ಕೊಟ್ಟಾಳಂತ.”

ದನಿ ನಿಂತಿತು.

ಉಮಾಶ್ರೀ ಫೋನನ್ನು ಕೈಗೆತ್ತಿಕೊಂಡಳು. ‘ಕಳುವಾಗಿರಲಿಲ್ಲ... ಕೊಟ್ಟಿದ್ದಳು! ನಗುತ್ತ ಕೊಟ್ಟಿದ್ದಳು! ನಾನು ಇಷ್ಟು ದಿನ ಯಾರನ್ನು ಶಪಿಸುತ್ತಿದ್ದೆ?’

ಆಮೇಲೆ ಅವಳು ಅತ್ತಳು. ಬಾಗಿಲಲ್ಲಿ ಪಹಣಿಗೆಂದು ಬಂದು ನಿಂತವರ ಪರಿವೆಯೂ ಇಲ್ಲದೆ ಅತ್ತಳು. ಸುನೀಲ ಅವರನ್ನು ಮೆಲ್ಲಗೆ ಹೊರಗೆ ಕರೆದುಕೊಂಡು ಹೋಗಿ, “ಅರ್ಧಾ ತಾಸು ಬಿಟ್ಟು ಬರ್ರಿ ಯಜಮಾನ್ರ” ಎಂದ.

ಕಣ್ಣೊರೆಸಿಕೊಂಡು ಅವಳು ಹೇಳಿದ್ದು ಒಂದೇ ಮಾತು:

“ನಾ ಹೋಗತೇನ್ರಿ. ಆ ಕೌದಿ ನಾ ನೋಡಬೇಕು.”

* * *

ಪಾಸ್‌ಪೋರ್ಟಿಗೆ ಅರ್ಜಿ ಹೋಯಿತು. ಪೊಲೀಸ್ ವಿಚಾರಣೆ ಮುಗಿಯಿತು, ವೀಸಾ ಕೂಡ ಸಿಕ್ಕಿತು. ಅವ್ವನ ಬದಲು ಮಗಳಿಗೆ ವಿಮಾನದ ಖರ್ಚು ಕೊಡಲು ಸಂಘದವರು ಒಪ್ಪಿದರು. ಸೋದರಮಾವ ಪರಪ್ಪನನ್ನು ಒಪ್ಪಿಸಲು ಮಾತ್ರ ಒಂದು ವಾರ ಹಿಡಿಯಿತು. ಅವ್ವ ಹೋದ ಮೇಲೆ ಅವಳು ಅವನ ಮನೆಯಲ್ಲೇ ಇದ್ದಳು.

“ಕೌದಿ ನೋಡಾಕ ಜಪಾನಿಗೆ ಹೋಗತಿ? ತಲಿ ಕೆಟ್ಟೈತೇನು? ನಮ್ಮ ಮನ್ಯಾಗ ಆರು ಕೌದಿ ಅದಾವಲ್ಲ!” ಎಂದಿದ್ದ. ಅಕ್ಕನ ದನಿ ಕೇಳಿಸಿದ ಮೇಲೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಎದ್ದುಹೋದ. ಮತ್ತೆ ಬೇಡವೆನ್ನಲಿಲ್ಲ.

ಆದರೆ ಮ್ಯೂಸಿಯಂ ಟಿಕೆಟ್? ಅವ್ವನ ಹೆಸರಿನ ಟಿಕೆಟ್ಟಿನಲ್ಲಿ ಮಗಳು ಹೋಗುವಂತಿಲ್ಲ. ಸುನೀಲ ಮೇಲ್ ಬರೆದ. ‘ತುಂಬಾ ವಿಷಾದ. ಹೆಸರು ಬದಲಿಸಲಾಗದು. ಬೇಡವಾದ ಟಿಕೆಟ್ ಹಿಂದಿರುಗಿಸಿದರೆ ಅದು ರವಿವಾರ ಎಲ್ಲರಿಗೂ ತೆರೆಯುತ್ತದೆ’ ಎಂದು ಉತ್ತರ ಬಂತು.

ಹಾಗೆ ಯಾರ್ಯಾರೋ ಹಿಂದಿರುಗಿಸಿದ ಟಿಕೆಟ್ಟುಗಳು ರವಿವಾರ ನಮ್ಮ ಎಂಟೂವರೆಗೆ ಕಾಣಿಸುತ್ತಿದ್ದವು. ಕಣ್ಣು ಮಿಟುಕಿಸುವುದರಲ್ಲಿ ಮಾಯ!

ಪ್ರತಿ ರವಿವಾರ ಸುನೀಲ ಕಿತ್ತೂರಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದ. ಇಬ್ಬರೂ ಒಂದೊಂದು ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುತ್ತಿದ್ದರು. ಸಿಗುತ್ತಿರಲಿಲ್ಲ. ಸಿಗದಿದ್ದ ದುಃಖಕ್ಕೆ ಎದುರಿನ ಖಾನಾವಳಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ಅವನು ಅವ್ವನ ಮಾತುಗಳನ್ನು ನೆನಪಿಸಿಕೊಂಡು ಹೇಳುತ್ತಿದ್ದ. ಅವಳು ನಗಲು ಕಲಿತಳು.

ಎಂಟನೇ ರವಿವಾರದ ಹೊತ್ತಿಗೆ ಉಮಾಶ್ರೀಗೆ ಒಂದು ವಿಷಯ ಹೊಳೆಯಿತು. ‘ದೇವರೇ... ಟಿಕೆಟ್ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನಲ್ಲ ನಾನು! ಸಿಕ್ಕರೆ ಇವನು ಮುಂದಿನ ವಾರ ಬರುವುದಿಲ್ಲವಲ್ಲ!’

ಒಂಬತ್ತನೇ ರವಿವಾರ. ಮುಂದಿನ ರವಿವಾರದೊಳಗೆ ವಿಮಾನ ಹತ್ತಬೇಕು, ಅದೇ ಕೊನೆಯ ಅವಕಾಶ.

ಅವನು ಬರಲಿಲ್ಲ!

“ಸಾಲ್ಯಾಗ ಕೆಲಸ ಐತ್ರಿ. ನೀವ ನೋಡ್ರಿ” ಎಂದು ಮೆಸೇಜ್ ಹಾಕಿದ್ದ. ಅಷ್ಟೇ.

ಎಂಟೂವರೆಗೆ ಪೇಜ್ ತೆರೆಯಿತು. ಇಪ್ಪತ್ತೊಂದನೇ ತಾರೀಖು, ಬೆಳಿಗ್ಗೆ ಹತ್ತು. ಎರಡು ಟಿಕೆಟ್! ಅವಳು ಒಂದನ್ನು ಒತ್ತಿದಳು. ಉಳಿದದ್ದು ಅಷ್ಟರಲ್ಲೇ ಯಾರದೋ ಪಾಲಾಯಿತು. ಆದರೆ ಅವಳದು... ಸಿಕ್ಕಿತು!

ಕುಣಿದಾಡುತ್ತ ಫೋನ್ ಮಾಡಿದಳು.

“ಸಿಕ್ತ್ರಿ! ನಿಮ್ಮ ದಿನ, ನಿಮ್ಮ ಟೈಮಿಗೇ!”

“ಹೌದಾ... ಭಾಳ ಛಲೋ ಆತ್ರಿ” ಎಂದು ಫೋನ್ ಇಟ್ಟುಬಿಟ್ಟ.

ಅವಳ ಮನಸ್ಸಿಗೆ ಏನೋ ಚುಚ್ಚಿತು. ಎರಡೂ ಟಿಕೆಟ್ ಜೊತೆಗಿಟ್ಟು ಪ್ರಿಂಟ್ ತೆಗೆಯೋಣವೆಂದು, ಅಂದು ತಾನೇ ಮಾಡಿಕೊಟ್ಟಿದ್ದ ಅವನ ಖಾತೆಯನ್ನು ತೆರೆದಳು.

ಸುಂದರವ್ವ ಹೊಸಮನಿ: ಹಿಂದಿರುಗಿಸಲಾಗಿದೆ.

ಅದರ ಕೆಳಗಿನ ಸಾಲನ್ನು ಅವಳು ಎರಡು ಸಲ ಓದಿದಳು.

ಸುನೀಲನದೂ ಹಿಂದಿರುಗಿಸಲಾಗಿತ್ತು!

‘ಅಂದರೆ... ನನ್ನ ಜೊತೆ ಬರುವುದು ಇವನಿಗೆ ಬೇಡವಾಗಿತ್ತೇ? ಇಷ್ಟು ದಿನ ಬಂದದ್ದು ಬರೀ ಪಶ್ಚಾತ್ತಾಪಕ್ಕೇ? ಋಣ ತೀರಿತು ಎಂದು ಕೈತೊಳೆದುಕೊಂಡನೇ?’

ಶಟರ್ ಎಳೆದು ಕಿತ್ತೂರಿನ ಬಸ್ ಹತ್ತಿದಳು. ದಾರಿಯುದ್ದಕ್ಕೂ ಸಿಟ್ಟು, ಅಳು, ಮತ್ತೆ ಸಿಟ್ಟು.

ಶಾಲೆಯ ಕಂಪೌಂಡ್ ಗೋಡೆಗೆ ಅವನು ಒಬ್ಬನೇ ಬಣ್ಣ ಬಳಿಯುತ್ತಿದ್ದ. ಅವಳನ್ನು ಕಂಡಾಗ ಅವನ ಬ್ರಷ್ ಕೈಜಾರಿ ಬಿತ್ತು.

“ಬರೂದು ಬ್ಯಾಡಾಗಿದ್ರ ಬಾಯಿ ಬಿಟ್ಟು ಹೇಳಬೇಕಿತ್ತು! ಕದ್ದುಮುಚ್ಚಿ ಟಿಕೆಟ್ ವಾಪಸ್ ಮಾಡೂದು ಯಾಕ? ನಾ ಏನು ನಿಮ್ಮ ಕೊರಳಿಗೆ ಬೀಳ್ತಿದ್ನೇನು?”

“ಉಮಾಶ್ರೀ... ಹಂಗಲ್ರಿ!”

“ಮತ್ತ ಹೆಂಗ?”

“ಅವ್ವಂದು ಒಂದ ಟಿಕೆಟ್ ವಾಪಸ್ ಬಿಟ್ರ ನಿಮ್ಮ ಕೈಗೆ ಸಿಗೂದು ಭಾಳ ಕಷ್ಟ ಇತ್ತು. ಎರಡು ಬಿಟ್ರ ಎರಡ ಅವಕಾಶ. ಅದಕ್ಕ ನಿನ್ನಿ ಎರಡೂ ಬಿಟ್ಟೆ...” ಅವನು ಬಿದ್ದ ಬ್ರಷ್ ಎತ್ತಿಕೊಂಡ. “ಇವತ್ತ ಸಿಗದಿದ್ರ ಇನ್ನ ಸಿಗಂಗಿಲ್ಲ ಅಂತ ಗೊತ್ತಿತ್ತು. ಆ ಕೌದಿ ನಾ ಮುಟ್ಟಿ ನೋಡೀನಿ. ನಿಮ್ಮವ್ವನ ಎದುರಿಗೆ ಕುಂತು ನೋಡೀನಿ. ನಿಮಗ ಅದೂ ಸಿಗಲಿಲ್ಲ. ನಾ ಒಳಗ ಹೋಗಿ, ನೀವು ಬೈಲಹೊಂಗಲದಾಗ ಕುಂತ್ರ... ಆ ಅವ್ವಗ ಏನು ಮುಖ ತೋರಿಸ್ಲಿ?”

ಉಮಾಶ್ರೀ ಬೆರಗಾಗಿ ನಿಂತಳು. ಹೀಗೂ ಒಬ್ಬ ಮನುಷ್ಯ ಇರುತ್ತಾನೆಯೇ?

“ವಿಮಾನದ ಸೀಟು?” ಕೇಳಿದಳು.

“ಅದು ಹಂಗ ಐತಿ.”

“ಹಂಗಾರ ಬಾಗಲ ತನಕ ಬರ್ರಿ. ಒಳಗ ನಾ ಒಬ್ಬಾಕಿನ ಹೋಗತೇನಿ. ಹೊರಗ ಬಂದಾಗ ಯಾರೂ ಇರದಿದ್ರ... ನನಗ ಆಗಂಗಿಲ್ಲ.”

* * *

ಇಪ್ಪತ್ತೊಂದರಂದು ಬೆಳಿಗ್ಗೆ ಹತ್ತಕ್ಕೆ ಅವಳು ಒಳಗೆ ಹೋದಳು. ಅವನು ರಸ್ತೆಯಾಚೆಯ ಮರದ ಕೆಳಗೆ ನಿಂತ.

ಗಾಜಿನ ಹಿಂದೆ ಕೌದಿ ಇತ್ತು. ‘ಇಷ್ಟು ಸಣ್ಣದೇ?’ ಎಂದು ಅವಳು ಬೆಚ್ಚಿದಳು. ಅವ್ವ ಹೊದಿಸುವಾಗ ಅದರೊಳಗೆ ಇಡೀ ಮನೆಯೇ ಹಿಡಿಸುತ್ತಿತ್ತು! ಕೆಳಗಿನ ಫಲಕದಲ್ಲಿ ಜಪಾನಿ ಅಕ್ಷರಗಳ ನಡುವೆ ಇಂಗ್ಲಿಷಿನಲ್ಲಿ ಅವ್ವನ ಹೆಸರು, ಸಾಲಹಳ್ಳಿಯ ಹೆಸರು.

ಪಕ್ಕದಲ್ಲಿ ಒಬ್ಬ ಮುದುಕಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಗಾಳಿಯಲ್ಲಿ ಬೆರಳಾಡಿಸುತ್ತ ಹೊಲಿಗೆ ಎಣಿಸುತ್ತಿದ್ದಳು. ಉಮಾಶ್ರೀ ಆ ಹೆಸರು ತೋರಿಸಿ, “ಮೈ ಮದರ್” ಎಂದಳು.

ಮುದುಕಿ ತಿರುಗಿ ನೋಡಿದಳು. ಆಮೇಲೆ ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ಅವಳಿಗೆ ನಮಸ್ಕರಿಸಿದಳು! ಉಮಾಶ್ರೀ ಗಾಬರಿಯಾಗಿ ಕೈಮುಗಿದಳು. ಇಬ್ಬರ ಕಣ್ಣಲ್ಲೂ ನೀರು.

ಅವಳು ಹೊರಬಂದಾಗ ಎರಡು ತಾಸು ಕಳೆದಿತ್ತು. ಅವನು ನಿಂತಲ್ಲೇ ನಿಂತಿದ್ದ. ಚಳಿಗೆ ಮೂಗು ಕೆಂಪಾಗಿತ್ತು.

“ನೋಡಿದ್ರಿ?”

ಅವಳು ತಲೆಯಾಡಿಸಿದಳು. ಅವನ ತಣ್ಣನೆಯ ಕೈಗಳನ್ನು ಹಿಡಿದುಕೊಂಡಳು. ಅವನು ದಂಗಾಗಿ ಆ ಕೈಗಳನ್ನೇ ನೋಡಿದ.

“ಒಳಗ ನಿಂತಾಗ ಒಂದು ತಿಳೀತು” ಎಂದಳು. “ಅವ್ವನ ನೋಡಿದೆ, ಅತ್ತೆ. ಆದ್ರ ಅದನ್ನ ಹೇಳಾಕ ನೀ ಬೇಕಾಗಿದ್ದಿ. ಇನ್ಮ್ಯಾಲೂ... ಎಲ್ಲಾ ಹೇಳಾಕ ನೀ ಬೇಕು.”

“ನನಗ ‘ನೀ’ ಅಂದ್ರಿ?”

“ಅಂದೆ. ಬ್ಯಾಡೇನು?”

“ಬ್ಯಾಡಂತ ಯಾರಂದ್ರು! ಆರನೇ ರವಿವಾರದಿಂದ ಇದ ಮಾತು ಹೇಳಬೇಕಂತ ಒದ್ದಾಡಾಕತ್ತೇನಿ ನಾ. ಸಿಟ್ಟಾಗತಿ ಅಂತ ಅಂಜಿದ್ದೆ.”

ಅವಳು ಅಳುತ್ತಲೇ ನಕ್ಕಳು. ಅವನೂ ನಕ್ಕ.

“ಉಮಾ... ಊರಿಗೆ ಹೋಗಿ ಪರಪ್ಪ ಮಾವಗ ಏನ ಹೇಳೂದು?”

“ನಾ ಹೇಳತೇನಿ. ನೀ ಬರೇ ನನ್ನ ಬಾಜೂಕ ನಿಂದ್ರು.”

“ನಿಂದ್ರತೇನಿ.”