ಥೆಮಿಸ್‌ನ ರಾಟರ್‌ಡ್ಯಾಮ್

"ಮುಂದಿನ ವರ್ಷ ನಾನು ರಾಟರ್‌ಡ್ಯಾಮ್ ನಗರಕ್ಕೆ ತೆರಳಿ, ಅಲ್ಲಿನ ಹಡಗುಕಟ್ಟೆಯಲ್ಲಿ ಕೆಲಸ ಮಾಡಲಿದ್ದೇನೆ," ಎಂದ ಥೆಮಿಸ್, ಗೋಡೆ ನೋಡುತ್ತಾ, ಇಂಗ್ಲಿಷಿನಲ್ಲಿ.

ಎದುರು ಕುರ್ಚಿಯಲ್ಲಿದ್ದ ಅರ್ಗಿರೋಗೆ ಎದೆ ಧಸಕ್ಕೆಂದಿತು. ಮರುಕ್ಷಣವೇ ತನ್ನ ಮೇಲೆ ತನಗೇ ಸಿಟ್ಟು ಬಂತು. ಇದು ಬಾಯಿಪಾಠ ಎಂದು ಅವಳಿಗೆ ಗೊತ್ತಿಲ್ಲವೇ?

ಗ್ರೀಸ್ ದೇಶದ ವೋಲೋಸ್ ಊರಿನಲ್ಲಿ ಇಂಗ್ಲಿಷ್ ಪರೀಕ್ಷೆ ಕಟ್ಟದವರು ಕಡಿಮೆ. ಬೇಕರಿಯ ಮೇಲಿನ ಮಹಡಿಯಲ್ಲಿ ಫ್ರೋಸೋ ಮೇಡಂ ಟ್ಯೂಷನ್ನು. ಬರೆಯುವುದನ್ನು ಹೇಗೋ ದಾಟಬಹುದು, ಭಯ ಮಾತಿನ ಪರೀಕ್ಷೆಯದು. ಅಲ್ಲಿ ಇಬ್ಬಿಬ್ಬರನ್ನು ಎದುರುಬದುರು ಕೂರಿಸುತ್ತಾರೆ. ನಿಮ್ಮ ಮುಂದಿನ ಯೋಜನೆಗಳೇನು, ನಿಮ್ಮನ್ನು ನೀವು ಹೇಗೆ ಸುಧಾರಿಸಿಕೊಳ್ಳುತ್ತೀರಿ, ಒಬ್ಬರಿಗೊಬ್ಬರು ಹೇಳಿಕೊಳ್ಳಿ ಎನ್ನುತ್ತಾರೆ.

"ನಿಜ ಹೇಳೋಕೆ ಹೋಗ್ಬೇಡಿ ಕಣ್ರಪ್ಪಾ," ಎನ್ನುತ್ತಿದ್ದರು ಮೇಡಂ. "ನಿಜ ಹೇಳಿದ್ರೆ ಎರಡೇ ವಾಕ್ಯಕ್ಕೆ ಮುಗಿದು ಹೋಗತ್ತೆ. ಸುಳ್ಳು ಹೇಳಿ, ಉದ್ದಕ್ಕೆ ಹೇಳಿ. ಅಲ್ಲಿ ಕೂತಿರೋರಿಗೆ ನಿಮ್ಮ ಜೀವನ ಕಟ್ಕೊಂಡು ಏನಾಗ್ಬೇಕು?"

ಹಾಗಾಗಿ ಆ ಕೋಣೆಯಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಹಾಯಾಗಿ ಸುಳ್ಳು ಹೇಳುತ್ತಿದ್ದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅರ್ಗಿರೋಗೆ ಸರ್ಕಾರಿ ಆಸ್ಪತ್ರೆಗೆ ಅರ್ಜಿ ಹಾಕಲು ಸರ್ಟಿಫಿಕೇಟ್ ಬೇಕಿತ್ತು. ದೋಣಿ ಇಂಜಿನ್ ರಿಪೇರಿ ಮಾಡುವ ಥೆಮಿಸ್‌ಗೆ ಅದು ಯಾಕೆ ಬೇಕಿತ್ತೋ, ಕೇಳಿದರೆ ನಗುತ್ತಿದ್ದ. ಅವಳು ಟ್ಯೂಷನ್ನಿಗೆ ಸೇರಿದ ವಾರವೇ ಅವನೂ ಸೇರಿದ್ದ. ಅಷ್ಟು ಸಾಕಲ್ಲವೇ ಹುಡುಗಿಯೊಬ್ಬಳು ಕನಸು ಕಾಣಲು?

"ನಿನ್ನದು ಹೇಳಮ್ಮಾ," ಎಂದರು ಮೇಡಂ.

"ನಾನು ಪ್ರತಿದಿನ ಬೆಳಗ್ಗೆ ಐದಕ್ಕೆ ಎದ್ದು ಓಡಲಿದ್ದೇನೆ. ಕೋಪವನ್ನು ಹತೋಟಿಗೆ ತರಲಿದ್ದೇನೆ. ಅಥೆನ್ಸ್‌ಗೆ ಹೋಗಿ ಒಬ್ಬಳೇ ಸ್ವತಂತ್ರವಾಗಿ ಬದುಕಲಿದ್ದೇನೆ. ವಿವಾಹವು ನನ್ನ ಯೋಜನೆಯಲ್ಲಿಲ್ಲ."

ಥೆಮಿಸ್ ಅವಳನ್ನೇ ನೋಡಿದ. ರೆಪ್ಪೆಯ ಕೂದಲಿನ ಮೇಲೂ ಇಂಜಿನ್ನಿನ ಗ್ರೀಸ್ ಹತ್ತಿದೆಯೇನೋ ಅನ್ನುವಷ್ಟು ಕಪ್ಪು ಕಣ್ಣು ಅವನದು. ಆ ಕಣ್ಣು ಒಮ್ಮೆ ಅವಳ ಮುಖದ ಮೇಲೆ ನಿಂತು, ತುಟಿಗೆ ಇಳಿದು, ತಟ್ಟನೆ ಪುಸ್ತಕಕ್ಕೆ ಹೋಯಿತು.

ಮೆಟ್ಟಿಲಿಳಿಯುವಾಗ ಅವನು ಕೆಣಕಿದ. "ಐದಕ್ಕೆ ಏಳ್ತೀಯಾ? ಅಂಗಡಿ ಬಾಗಿಲು ಒಂಬತ್ತಕ್ಕೆ ತೆಗಿಯೋಕೇ ಆಕಳಿಸ್ತಾ ಬರ್ತೀಯಲ್ಲೇ!"

"ನಾನು ಆಕಳಿಸೋದು ನೋಡೋಕೆ ನೀನ್ಯಾಕೋ ಅಷ್ಟೊತ್ತಿಗೆ ಆ ಕಡೆ ಬರ್ತೀಯಾ?"

ಅವನು ಕೆಂಪಾದ. ಅವಳು ಖುಷಿಯಾಗಿ ಮನೆಗೆ ಹೋದಳು.

ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಥೆಮಿಸ್‌ನ ಅಜ್ಜಿ ಬಿ.ಪಿ. ಮಾತ್ರೆಗೆಂದು ಅಂಗಡಿಗೆ ಬಂದವರು ಕೌಂಟರಿಗೆ ಒರಗಿ ಅಳತೊಡಗಿದರು.

"ನನ್ನ ಮೊಮ್ಮಗ ಹೊರಟೋಗ್ತಾನಂತೆ ಕಣಮ್ಮಾ. ದಿನಾ ಬಾಲ್ಕನೀಲಿ ನಿಂತ್ಕೊಂಡು ಅದನ್ನೇ ಕೂಗ್ತಾನೆ. ನಂಗೆ ಇಂಗ್ಲಿಷ್ ಎಲ್ಲಿ ಬರತ್ತೆ? ರಾಟರ್‌ಡ್ಯಾಮ್ ಅನ್ನೋದೊಂದು ಕಿವಿಗೆ ಬೀಳತ್ತೆ. ಬೀದಿಯೋರೆಲ್ಲಾ ಕೇಳಿಸ್ಕೊಂಡಿದಾರೆ. ಮೀನಿನೋನು ಮೊನ್ನೆ ಅವನನ್ನ ತಬ್ಕೊಂಡು, ಹೋಗ್ಬಾ ಮಗಾ ಅಂದ."

ಅರ್ಗಿರೋ ನಗು ತಡೆದಳು. "ಅಯ್ಯೋ ಅಜ್ಜೀ, ಅದು ಪರೀಕ್ಷೆ ಪಾಠ. ನಾವೆಲ್ಲಾ ಹಾಗೇ ಹೇಳೋದು."

ಅಜ್ಜಿ ಮೂಗು ಒರೆಸಿಕೊಂಡರು. "ಪಾಠಕ್ಕೆ ಅಲ್ಲಿಂದ ಫೋನ್ ಬರತ್ತಾ? ನಿನ್ನೆ ಬಂದಿತ್ತು."

ಅವತ್ತಿಡೀ ಅರ್ಗಿರೋ ಕೆಮ್ಮಿನ ಔಷಧಿ ಕೇಳಿದವರಿಗೆ ಹೊಟ್ಟೆನೋವಿನದು ಕೊಟ್ಟಳು. ಹೋಗುವುದು ಬರೀ ಪಾಠವಾದರೆ ಫೋನು ಯಾಕೆ ಬಂತು? ನಿಜವೇ ಆದರೆ ನನ್ನ ಅಂಗಡಿ ಮುಂದೆ ಯಾಕೆ ಸುಳಿದಾಡುತ್ತಾನೆ? ಸುಮ್ಮನೆ ಕೇಳಿಬಿಡಬಹುದಿತ್ತು. ಆದರೆ ವಿವಾಹವೇ ಬೇಡವೆಂದು ಎಲ್ಲರೆದುರು ಗಂಟಲು ಹರಿದುಕೊಂಡವಳು ಯಾವ ಮುಖ ಹೊತ್ತು ಕೇಳುವುದು? ಅವನನ್ನು ಕಳೆದುಕೊಳ್ಳುವ ಭಯಕ್ಕೆ ರಾತ್ರಿ ಊಟ ಸೇರಲಿಲ್ಲ.

ಟ್ಯೂಷನ್ನಿನಲ್ಲಿ ಅವನು ಕೆಣಕುವುದನ್ನೂ ಬಿಟ್ಟಿದ್ದ. ಅವಳು ಮುಖ ತಿರುಗಿಸಿದರೆ ಅವನೂ ತಿರುಗಿಸುತ್ತಿದ್ದ. ಏನೂ ಅರ್ಥವಾಗದೆ ಅವಳು ಇನ್ನಷ್ಟು ಬಿಗಿದುಕೊಂಡಳು.

ಪರೀಕ್ಷೆಯ ದಿನ ಜೋಡಿಗಳ ಹೆಸರು ಕೂಗಿದರು. ಅವಳ ಹೆಸರಿನ ಹಿಂದೆಯೇ ಅವನದು.

ಪರೀಕ್ಷೆ ಮಾಡುವಾಕೆ ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಮುಂದಿನ ಯೋಜನೆಗಳ ಬಗ್ಗೆ ಪರಸ್ಪರ ಮಾತನಾಡಿ," ಎಂದರು.

ಅಥೆನ್ಸು, ಓಟ, ಹತೋಟಿ, ಎಲ್ಲವೂ ಅರ್ಗಿರೋಗೆ ಬಾಯಿ ತುದಿಯಲ್ಲೇ ಇತ್ತು. ಆದರೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆವರುತ್ತಾ ಕುಳಿತ ಅವನನ್ನು ನೋಡಿದ ಮೇಲೆ ಯಾವುದೂ ಹೊರಡಲಿಲ್ಲ. ತಪ್ಪುತಪ್ಪು ಇಂಗ್ಲಿಷಿನಲ್ಲೇ ಕೇಳಿದಳು, "ನೀನು ನಿಜವಾಗಿ ಹೋಗುವುದೇ? ನಿನಗೆ ಹೋಗಲು ಮನಸ್ಸು ಇದೆಯೇ?"

ಥೆಮಿಸ್ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದು, ಟೇಪು ಹಾಕಿದ ಹಾಗೆ ಒದರಿದ, "ಮುಂದಿನ ವರ್ಷ ನಾನು ರಾಟರ್‌ಡ್ಯಾಮ್ ನಗರಕ್ಕೆ ತೆರಳಿ, ಅಲ್ಲಿನ ಹಡಗುಕಟ್ಟೆಯಲ್ಲಿ ಕೆಲಸ ಮಾಡಲಿದ್ದೇನೆ."

"ಬಹಳ ಚೆನ್ನಾಗಿದೆ," ಎಂದರು ಆಕೆ.

ಹೊರಗೆ ಬಂದವಳೇ ಅರ್ಗಿರೋ ಸಮುದ್ರದ ಕಡೆ ದಾಪುಗಾಲು ಹಾಕಿದಳು. ಹಿಂದೆಯೇ ಅವನು ಓಡಿ ಬಂದ.

"ಅರ್ಗಿರೋ, ನಿಂತ್ಕೊಳ್ಳೇ! ಗಾಬರಿಗೆ ಬಾಯಿಪಾಠ ಬಂದ್ಬಿಡ್ತು ಕಣೇ!"

"ಅಲ್ಲಿಂದ ಫೋನ್ ಬಂದಿದ್ದೂ ಬಾಯಿಪಾಠಾನಾ?"

ಅವನು ತಲೆ ತಗ್ಗಿಸಿದ. "ಅದು ನಿಜ. ಮೊದಲು ಬರೀ ಪಾಠ ಇತ್ತು. ಆಮೇಲೆ ಅರ್ಜಿ ಹಾಕ್ದೆ. ಕೆಲಸ ಸಿಕ್ಕಿದೆ. ಇವತ್ತು ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳ್ಬೇಕು."

"ಯಾಕೋ ಹಾಕ್ದೆ?"

"ಯಾಕಾ? ನೀನು ಅಥೆನ್ಸಿಗೆ ಹೋಗ್ತೀನಿ, ಮದುವೇನೇ ಬೇಡ ಅಂತ ಪ್ರತಿ ಸಲ ನನ್ನ ಮುಖ ನೋಡ್ಕೊಂಡೇ ಹೇಳ್ತಿದ್ದೆ. ನಾನಿಲ್ಲಿ ಇಂಜಿನ್ ಬಿಚ್ಕೊಂಡು ಯಾರಿಗೆ ಕಾಯ್ಲಿ?"

"ಅಯ್ಯೋ ದಡ್ಡಾ! ಅದು ಮೇಡಂ ಹೇಳ್ಕೊಟ್ಟಿದ್ದು! ನಿನ್ನ ಮುಖ ನೋಡಿದ್ದು, ನೋಡ್ಬೇಕು ಅನ್ಸಿ ನೋಡಿದ್ದು!"

ಹೇಳಿಬಿಟ್ಟ ಮೇಲೆ ಅವಳಿಗೆ ಕಿವಿಯೆಲ್ಲ ಬಿಸಿಯಾಯಿತು. ಅವನು ಜೇಬಿನಿಂದ ಫೋನು ತೆಗೆದು ನಂಬರು ಒತ್ತಿದ. ಖುಷಿಪಡಬೇಕೋ ಹೆದರಬೇಕೋ ಗೊತ್ತಾಗದೆ ಅವಳು ಅವನ ತೋಳು ಹಿಡಿದುಕೊಂಡಳು.

"ನಮಸ್ಕಾರ. ನಾನು ಥೆಮಿಸ್. ಗ್ರೀಸ್. ನಾನು ಬರುವುದು ಇಲ್ಲ," ಎಂದ ಇಂಗ್ಲಿಷಿನಲ್ಲಿ. ಮೇಡಂ ಕೇಳಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಆ ಕಡೆಯವರು ಏನೋ ಕೇಳಿದರು.

"ಕಾರಣವೇ? ಕಾರಣ... ಇಲ್ಲಿ ನನಗೆ ಒಬ್ಬ ಹುಡುಗಿ ಇದ್ದಾಳೆ."

ಅಷ್ಟು ಹೇಳಿ ಅಂಗೈಯಿಂದ ಫೋನು ಮುಚ್ಚಿದ. ಅವಳತ್ತ ತಿರುಗಿದ.

"ಇದ್ದಾಳೆ ತಾನೇ?"

"ಇದ್ದಾಳೆ ಅಂತ ಹೇಳೋ," ಎಂದಳು ಅರ್ಗಿರೋ.