ನೊರೆಗೆ ಹೆದರಿದವನು

ಅಲೆ ಇನ್ನೇನು ಪಾದಕ್ಕೆ ತಾಗಬೇಕು, ಅಷ್ಟರಲ್ಲಿ ಯಾರೋ ಭಾನುಪ್ರಿಯಳ ಮುಂಗೈ ಹಿಡಿದು ಹಿಂದಕ್ಕೆ ಎಳೆದರು.

ಎಳೆದ ರಭಸಕ್ಕೆ ಅವಳು ಗಿರ್ರನೆ ತಿರುಗಿ, ಎಳೆದವನ ಎದೆಗೇ ಹೋಗಿ ತಾಗಿದಳು. ತಲೆಯೆತ್ತಿ ನೋಡಿದರೆ... ಅವನು! ಬೈರಮಂಗಲದ ದೇವರಾಜು.

"ಆ ನೊರೆ ಮುಟ್ಬೇಡಿ," ಎಂದ ಅವನು, ಏದುಸಿರು ಬಿಡುತ್ತಾ. ದೂರದಿಂದ ಓಡಿ ಬಂದಿದ್ದ.

"ಕೈ ಬಿಡಿ ಮೊದ್ಲು."

ಬಿಟ್ಟ. ಆದರೆ ಅವನು ಹಿಡಿದಿದ್ದ ಜಾಗ ಬೆಚ್ಚಗೆ ಉಳಿದುಬಿಟ್ಟಿತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಸಿಟ್ಟು ಬರದೆ ಇನ್ನೇನು? ಬುದ್ಧಿ ಬಂದಾಗಿನಿಂದ ಸಮುದ್ರ ನೋಡಬೇಕೆಂದು ಆಸೆಪಟ್ಟ ಹುಡುಗಿ ಅವಳು. ಹೊಂಗನೂರಿನ ಹಿಪ್ಪುನೇರಳೆ ತೋಟದಲ್ಲಿ ಬೆಳೆದವಳಿಗೆ ನೀರೆಂದರೆ ಬೋರ್‌ವೆಲ್ಲಿನ ನೀರು, ಅದೂ ಕರೆಂಟು ಇದ್ದಾಗ ಮಾತ್ರ. ಈಗ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕಾರುಗಳಿಗೆ ವೈರು ಹೆಣೆಯುವ ಕಂಪನಿಯೊಂದರಲ್ಲಿ ಕೆಲಸ. ಗೆಳತಿ ಶ್ವೇತಳ ಜೊತೆ ಅಲ್ಲೇ ರೂಮು. ಕಂಪನಿಯವರು ಹಾರೋಹಳ್ಳಿ, ಬಿಡದಿ ಎರಡೂ ಕಡೆಯ ತಮ್ಮ ಕಾರ್ಖಾನೆಗಳ ಕೆಲಸಗಾರರನ್ನು ಸೇರಿಸಿ ಟೂರು ಹೊರಡಿಸಿದಾಗ ಮೊದಲು ಹೆಸರು ಕೊಟ್ಟವಳು ಇವಳೇ. ಮಲ್ಪೆಯಲ್ಲಿ ದೋಣಿ ಹತ್ತಿ, ಅಲೆಗೆ ಕಿರುಚಿ, ನಕ್ಕು, ಈ ಪುಟ್ಟ ದ್ವೀಪದಲ್ಲಿ ಇಳಿದು, ಚಪ್ಪಲಿ ಬಿಟ್ಟು, ಬೇಕೆಂದೇ ಒಂದೊಂದೇ ಹೆಜ್ಜೆ ಇಟ್ಟುಕೊಂಡು ನೀರಿನ ಕಡೆ ಬಂದಿದ್ದಳು.

ಅಡ್ಡ ಬಂದವನು ಇವನಾಗಬೇಕೇ? ಬಿಡದಿಯ ಬಸ್ಸಿನಲ್ಲಿ ಇವನೂ ಬಂದಿದ್ದಾನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ದೀಪಾವಳಿ ಮುಗಿದ ವಾರ ಇದೇ ದೇವರಾಜು ಅಪ್ಪ, ಅವ್ವ, ಸೋದರಮಾವನನ್ನು ಕರೆದುಕೊಂಡು ಅವಳನ್ನು ನೋಡಲು ಹೊಂಗನೂರಿಗೆ ಬಂದಿದ್ದ. ಉಪ್ಪಿಟ್ಟು, ಕೇಸರಿಬಾತು ತಿಂದಾದ ಮೇಲೆ ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಹಿತ್ತಲಿಗೆ ಹೊರಟಿದ್ದ. ಹೆಣ್ಣು ನೋಡಲು ಬಂದ ಗಂಡು ತಟ್ಟೆ ಎತ್ತುವುದುಂಟೇ ಎಂದು ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದರು. ಭಾನುಪ್ರಿಯ ಮಾತ್ರ ಆ ಗಳಿಗೆಯಲ್ಲೇ ಮನಸೋತು ಹೋಗಿದ್ದಳು.

ಆಮೇಲೆ ಅವನ ಸೋದರಮಾವ, ಹುಡುಗಿ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದರು. ಹಾಗೆ ಕೇಳಿದಾಗ ತಲೆ ತಗ್ಗಿಸಿ ಕೂರುವುದು ಪದ್ಧತಿ. ಇವಳು ಕೇಳಿಯೇಬಿಟ್ಟಳು!

"ನಿಮ್ಮೂರಲ್ಲಿ ದೊಡ್ಡ ಕೆರೆ ಐತಂತೆ. ಅದ್ರಲ್ಲಿ ಈಜಾಡ್ಬೋದಾ?"

ಅವನ ಮುಖ ಒಮ್ಮೆಗೇ ಬಾಡಿತು. ಉತ್ತರ ಕೊಡಲಿಲ್ಲ. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೇಳಿ ಎಲ್ಲರೂ ಎದ್ದರು. ನಮ್ಮ ಕಡೆ ಆ ಮಾತಿಗೆ ಏನರ್ಥವೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಂಕ್ರಾಂತಿ ಕಳೆದರೂ ಅತ್ತ ಕಡೆಯಿಂದ ಸುದ್ದಿಯಿಲ್ಲ. ಹೆಣ್ಣಿಗೆ ಅಷ್ಟು ಬಾಯಿ ಇರಬಾರದು ಎಂದು ಅವ್ವ ಬೋರಮ್ಮ ಬೈದಳು. ಬೈದು ಬೈದು ಕೊನೆಗೆ ಮದ್ದೂರಿನ ಕಡೆಯ ಒಂದು ಸಂಬಂಧಕ್ಕೆ ಮಾತಾಡಿದಳು. ಬರುವ ಭಾನುವಾರ ಅವರು ತಾಂಬೂಲ ಬದಲಾಯಿಸಲು ಬರುವವರಿದ್ದರು. ಭಾನುಪ್ರಿಯ ನಿಮ್ಮಿಷ್ಟ ಎಂದು ಹೇಳಿ ಟೂರಿಗೆ ಬಂದಿದ್ದಳು.

ಬೇಡ ಅಂದವನಿಗೆ ಈಗ ನನ್ನ ಕೈ ಹಿಡಿದು ಎಳೆಯುವ ಅಧಿಕಾರ ಯಾರು ಕೊಟ್ಟರು?

ಅಷ್ಟರಲ್ಲಿ ದೇವರಾಜು ಉಳಿದವರನ್ನೂ ನೀರಿನಿಂದ ಈಚೆಗೆ ಕರೆಯುತ್ತಿದ್ದ. ನೊರೆ ತಾಗಿದರೆ ಮೈ ಕಡಿಯುತ್ತದೆ, ಮಕ್ಕಳನ್ನು ಬಿಡಬೇಡಿ ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದ. ಕಾವಲಿಗಿದ್ದ ಸೀಟಿಯವನು ಏನೋ ಅನಾಹುತವಾಯಿತೆಂದು ಓಡಿ ಬಂದ. ಸಂಗತಿ ತಿಳಿದು ಸೊಂಟದ ಮೇಲೆ ಕೈಯಿಟ್ಟುಕೊಂಡ.

"ಎಂತದು ಮಾರಾಯ್ರೆ, ಸಮುದ್ರ ಅಂದ ಮೇಲೆ ನೊರೆ ಇರುದಿಲ್ವಾ? ಉಪ್ಪುನೀರಿನ ನೊರೆ ಅದು. ಏನೂ ಆಗುದಿಲ್ಲ, ಆಡಿ."

ದ್ವೀಪವೇ ನಕ್ಕಿತು. ಕಂಪನಿಯ ಹಾಜರಿ ನೋಡುವ ಟೈಮ್ ಆಫೀಸಿನ ಗುರುಸಿದ್ದಯ್ಯನವರಂತೂ ಕಣ್ಣೀರು ಒರೆಸಿಕೊಂಡು ನಕ್ಕರು. ಅವನಿಗೆ ಅಲ್ಲೇ ನೊರೆ ದೇವರಾಜ ಎಂದು ನಾಮಕರಣವೂ ಆಯಿತು. ಅವನು ಚಪ್ಪಲಿ ಎತ್ತಿಕೊಂಡು ದ್ವೀಪದ ಆಚೆ ಬದಿಗೆ ನಡೆದುಬಿಟ್ಟ.

ಆಮೇಲೆ ಆಟವೋ ಆಟ. ಹಾರೋಹಳ್ಳಿಯವರಿಗೂ ಬಿಡದಿಯವರಿಗೂ ಮರಳಿನ ಮೇಲೆ ಹಗ್ಗಜಗ್ಗಾಟ. ಸೀರೆ ಎತ್ತಿ ಕಟ್ಟಿ ಹೆಂಗಸರ ಕಬಡ್ಡಿ. ಲಾರಿ ಟ್ಯೂಬಿನ ಮೇಲೆ ಕೂತು ತೇಲುವುದಕ್ಕೆ ನೂಕುನುಗ್ಗಲು. ಕೆಲವರು ಕಪ್ಪೆಚಿಪ್ಪು ಆಯ್ದರು. ಇನ್ನು ಕೆಲವರು ಕಂಬ ನಿಲ್ಲಿಸಿದಂತಿರುವ ಕಪ್ಪು ಬಂಡೆಗಳನ್ನು ಹತ್ತಿ ಫೋಟೊ ತೆಗೆಸಿಕೊಂಡರು. ಬಂಡೆ ಬೆಟ್ಟಗಳ ರಾಮನಗರದಿಂದ ಅಷ್ಟು ದೂರ ಬಂದು ಮತ್ತೆ ಬಂಡೆಯನ್ನೇ ಹತ್ತಬೇಕಾ ಎಂದು ಶ್ವೇತ ಗೊಣಗುತ್ತಲೇ ತಾನೂ ಹತ್ತಿದಳು.

ಭಾನುಪ್ರಿಯಳಿಗೆ ಆಟ ರುಚಿಸಲಿಲ್ಲ. ಎಲ್ಲರೂ ನಕ್ಕಾಗ ಅವನ ಮುಖ ಮತ್ತೆ ಬಾಡಿದ್ದನ್ನು ಅವಳು ನೋಡಿದ್ದಳು. ಅವತ್ತು ತನ್ನ ಮನೆಯ ಜಮಖಾನೆಯ ಮೇಲೆ ಕಂಡದ್ದೂ ಇದೇ ಮುಖ. ಹಾಗಾದರೆ ಅವತ್ತು ಅವನು ಮುಖ ತಗ್ಗಿಸಿದ್ದು ನನ್ನ ಬಾಯಿ ಜೋರೆಂದು ಅಲ್ಲವಾ?

ಕೇಳದೆ ಊರಿಗೆ ಹೋದರೆ ಭಾನುವಾರ ಬಂದೇ ಬರುತ್ತದೆ. ಆಮೇಲೆ ಕೇಳಲು ಬಾಯಿದ್ದರೂ ಪ್ರಯೋಜನವಿಲ್ಲ.

ಆಚೆ ಬದಿಯಲ್ಲಿ ತೆಂಗಿನ ಮರದ ನೆರಳಿಗೆ ದೇವರಾಜು ಒಬ್ಬನೇ ಕೂತಿದ್ದ. ಇವಳನ್ನು ಕಂಡು ಎದ್ದು ನಿಂತ.

"ಕೈ ಹಿಡಿದಿದ್ದು ತಪ್ಪಾಯ್ತು," ಎಂದ.

"ಅದಿರ್ಲಿ. ಅವತ್ತು ನನ್ ಮಾತಿಗೆ ಯಾಕೆ ಉತ್ರ ಕೊಡ್ಲಿಲ್ಲ?"

ಅವನು ನೀರಿನ ಕಡೆ ತಿರುಗಿದ. 

"ನೀವು ನಮ್ಮೂರ್ ಕೆರೆ ನೋಡಿಲ್ಲ. ನಾನು ಚಿಕ್ಕೋನಿದ್ದಾಗ ಅದ್ರಲ್ಲೇ ಈಜು ಕಲ್ತಿದ್ದು. ಈಗ ಬೆಂಗ್ಳೂರಿನ ಗಲೀಜೆಲ್ಲ ಹೊಳೇಲಿ ಬಂದು ಅಲ್ಲೇ ನಿಲ್ತದೆ. ಕೋಡಿ ತಾವ ಆಳೆತ್ತರ ನೊರೆ. ತಾಗಿದ್ರೆ ಮೈಯೆಲ್ಲ ಕಡಿತ. ಗಾಳಿ ಎದ್ರೆ ಮನೆ ಬಾಗ್ಲಿಗೇ ಹಾರ್ಕಂಡ್ ಬತ್ತದೆ. ಇಲ್ಲಿ ನೀವು ನೊರೆ ಕಡೆ ಹೋಗೋದು ನೋಡಿ ನಂಗೆ ಬೇರೇನೂ ಹೊಳೀಲಿಲ್ಲ. ಓಡ್ಬಂದ್ಬುಟ್ಟೆ."

ಭಾನುಪ್ರಿಯ ತನ್ನ ಮುಂಗೈ ನೋಡಿಕೊಂಡಳು.

"ಅವತ್ತು ನೀವು ಅಷ್ಟು ಆಸೆಯಿಂದ ಕೆರೆ ಬಗ್ಗೆ ಕೇಳಿದ್ರಿ," ಎಂದು ಅವನೇ ಮುಂದುವರಿಸಿದ. "ಇಂಥ ಊರಿಗೆ ನಿಮ್ಮನ್ನ ಹೆಂಗ್ ಕರ್ಕಂಡ್ ಬರ್ಲಿ? ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ. ಹೂಂ ಅನ್ನಕ್ಕೆ ಧೈರ್ಯ ಬರ್ಲಿಲ್ಲ."

ಇಷ್ಟು ದಿನ ಅವಳು ತನ್ನ ಬಾಯಿಯನ್ನೇ ಶಪಿಸಿಕೊಂಡಿದ್ದಳಲ್ಲ, ಆ ದುಃಖವೆಲ್ಲ ಈಗ ಒಟ್ಟಿಗೆ ಉಕ್ಕಿ ಬಂತು.

"ಹಿಂಗೈತೆ ಅಂತ ಒಂದ್ ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ನನ್ ಬಾಯಿಂದ್ಲೇ ಸಂಬಂಧ ತಪ್ತು ಅಂತ ನಮ್ಮವ್ವ ದಿನಾ ಬೈತಾಳೆ. ನಾನೂ ಹಂಗೇ ಅನ್ಕಂಡು ಅತ್ತೀನಿ." ಕೆನ್ನೆ ಒರೆಸಿಕೊಂಡಳು. "ಬರೋ ಭಾನುವಾರ ಮದ್ದೂರ್ ಕಡೆಯೋರು ತಾಂಬೂಲಕ್ಕೆ ಬತ್ತಾರೆ."

ಅವನು ತಲೆ ಎತ್ತಿದ. ತುಟಿ ಅಲುಗಿತು. ಮಾತು ಮಾತ್ರ ಹೊರಡಲಿಲ್ಲ. ಅಯ್ಯೋ ಪುಣ್ಯಾತ್ಮ, ಈಗಲೂ ಸುಮ್ಮನಿದ್ದರೆ ಇನ್ನು ಯಾವಾಗ?

ಅವಳು ಕಾಯಲಿಲ್ಲ. ಬೆನ್ನು ತಿರುಗಿಸಿ ಸೀದಾ ನೀರಿಗೆ ಇಳಿದುಬಿಟ್ಟಳು. ಮೊದಲ ಅಲೆ ಪಾದ ತೋಯಿಸಿತು, ಎರಡನೆಯದು ಮೊಣಕಾಲಿಗೆ ಬಂತು. ಸುತ್ತಲೂ ಬಿಳಿ ನೊರೆ. ಎಷ್ಟು ವರ್ಷಗಳ ಆಸೆ... ಆದರೂ ಅವಳ ಕಿವಿ ಬೆನ್ನ ಹಿಂದೆಯೇ ಇತ್ತು.

ಹಿಂದೆ ನೀರು ಕದಡಿದ ಸದ್ದಾಯಿತು. ಪ್ಯಾಂಟನ್ನೂ ಮಡಿಸದೆ ದೇವರಾಜು ಇಳಿದು ಬರುತ್ತಿದ್ದ. ನೊರೆ ಕಾಲಿಗೆ ಸುತ್ತಿದಾಗ ಕಣ್ಣು ಮುಚ್ಚಿ ಹಲ್ಲು ಕಚ್ಚಿದ. ಅಲೆ ಹಿಂದಕ್ಕೆ ಹೋಯಿತು. ಒಂದೊಂದೇ ಕಣ್ಣು ಬಿಟ್ಟು ಕಾಲು ನೋಡಿಕೊಂಡ.

"ಕಡೀತಿಲ್ಲ," ಎಂದ, ನಂಬಲಾಗದವನಂತೆ.

ಅಳುತ್ತಿದ್ದ ಭಾನುಪ್ರಿಯ ಕಿಸಕ್ಕನೆ ನಕ್ಕುಬಿಟ್ಟಳು. ಆ ನಗು ನೋಡಿ ಅವನೂ ನಕ್ಕ. ಬೊಗಸೆಯಲ್ಲಿ ನೊರೆ ತುಂಬಿಕೊಂಡು ಮೂಸಿದ, ಕೆನ್ನೆಗೆ ಹಚ್ಚಿಕೊಂಡ, ನಾಲಿಗೆಗೂ ತಾಗಿಸಿ ಉಪ್ಪು ಉಪ್ಪು ಎಂದು ಮುಖ ಕಿವುಚಿದ. ಆಮೇಲೆ ಅಂಗಾತ ಮಲಗಿ ನೀರಿನ ಮೇಲೆ ತೇಲಿದ. ಚಿಕ್ಕಂದಿನಲ್ಲಿ ಕಲಿತದ್ದನ್ನು ಮೈ ಮರೆತಿರಲಿಲ್ಲ. ಅವಳಿಗೂ ತೇಲುವುದನ್ನು ಹೇಳಿಕೊಟ್ಟ. ಬೆನ್ನ ಕೆಳಗೆ ಅವನ ಅಂಗೈ ಇರುವಷ್ಟು ಹೊತ್ತು ತೇಲಿದಳು, ತೆಗೆದ ಕೂಡಲೇ ಮುಳುಗಿ ಮೂಗಿಗೆ ನೀರು ಹೋಗಿ ಅವನ ಭುಜಕ್ಕೆ ಜೋತುಬಿದ್ದಳು. ಸೀಟಿಯವನು ದೂರದಿಂದ ಸೀಟಿ ಊದಿದ. ಇಬ್ಬರೂ ನಾಚಿ ದಂಡೆಗೆ ಬಂದರು.

"ನಿಮ್ಮಪ್ಪಾಜಿ ಮೊಬೈಲ್ ನಂಬರ್ ಹೇಳಿ," ಎಂದ ದೇವರಾಜು. "ಈ ಸಲ ನಾನೇ ಮಾತಾಡ್ತೀನಿ."

ದ್ವೀಪದಲ್ಲಿ ಸಿಗ್ನಲ್ ಇರಲಿಲ್ಲ. ವಾಪಸ್ ದೋಣಿಯಲ್ಲಿ ಇಬ್ಬರೂ ಒಂದೊಂದು ತುದಿಗೆ ಕೂತು ಮೊಬೈಲಿನ ಕಡ್ಡಿಗಳನ್ನೇ ನೋಡುತ್ತಾ ಬಂದರು. ಮಲ್ಪೆಯ ಬಂದರಿನಲ್ಲಿ, ಒಣಮೀನಿನ ವಾಸನೆಯ ನಡುವೆ, ಕರೆ ಹೋಯಿತು. ಅಪ್ಪ ಪುಟ್ಟಸ್ವಾಮಿಗೆ ಮೊಬೈಲು ಹೊಸತು. ಹೊಲದ ಆ ಬದುವಿನವನನ್ನು ಕರೆದಂತೆ ಕೂಗಿ ಮಾತಾಡುವ ಆಸಾಮಿ. ಹಾಗಾಗಿ ಪಕ್ಕದಲ್ಲಿ ನಿಂತ ಭಾನುಪ್ರಿಯಳಿಗೂ ಎಲ್ಲ ಕೇಳುತ್ತಿತ್ತು.

ದೇವರಾಜು ಹೆಸರು ಹೇಳಿ, ತನ್ನ ಊರಿನ ದೋಷವನ್ನೆಲ್ಲ ಒಂದೂ ಬಿಡದೆ ಹೇಳಿದ. ಕೆರೆ ಹಾಳಾಗಿರುವುದು, ನೊರೆ, ಸೊಳ್ಳೆ, ಕುಡಿಯುವ ನೀರಿಗೆ ಬೇರೆ ಕಡೆ ಬಿಂದಿಗೆ ಹಿಡಿಯಬೇಕಾದ್ದು. ಇಷ್ಟಿದ್ದರೂ ನಿಮ್ಮ ಮಗಳನ್ನು ಕೊಡುವಿರಾ ಎಂದು ಕೇಳಿದ.

 ಭಾನುಪ್ರಿಯ ಮೊಬೈಲಿಗೆ ಇನ್ನಷ್ಟು ಹತ್ತಿರ ಬಂದಳು.

"ಹೆಣ್ಣು ಹೆತ್ತೋನು ಕಣಪ್ಪ ನಾನು," ಎಂದರು ಪುಟ್ಟಸ್ವಾಮಿ. "ನಿಮ್ಮೂರು ನೋಡ್ದೆ ನಿಮ್ಮನ್ನ ಮನೆಗೆ ಕರೀತಿದ್ನಾ? ನೀವು ಬರೋಕ್ ಮುಂಚೇನೆ ಹುಲ್ಲು ಕೊಳ್ಳೋ ನೆಪ ಮಾಡ್ಕಂಡು ನಿಮ್ ಬೀದೀಲಿ ಓಡಾಡ್ಕಂಡ್ ಬಂದಿದ್ದೆ. ಕೆರೆನೂ ನೋಡ್ದೆ, ನೊರೆನೂ ನೋಡ್ದೆ. ಗದ್ದೆಯಿಂದ ಬಂದ ನಿಮ್ಮವ್ವನ ಕಾಲು ತೊಳ್ದು, ಜಗಲಿ ಮೇಲೆ ನೀನು ಎಣ್ಣೆ ಹಚ್ತಾ ಕುಂತಿದ್ದೆ. ಅದ್ನೂ ನೋಡ್ದೆ. ಆಮೇಲೇ ಬನ್ನಿ ಅಂತ ಹೇಳಿ ಕಳ್ಸಿದ್ದು."

ದೇವರಾಜು ಮೊಬೈಲನ್ನು ಇನ್ನೊಂದು ಕಿವಿಗೆ ಹಿಡಿದ.

"ಊರಿನ್ ವಿಚಾರ ನೀನೇ ನಮ್ ಹುಡುಗಿಗೆ ಹೇಳ್ಲಿ ಅಂತ ಸುಮ್ನಿದ್ದೆ. ನೀನು ಬಾಯೇ ಬಿಡ್ಲಿಲ್ಲ. ಅವ್ಳು ಒಪ್ಪಿದ್ರೆ ಹಿರೀಕರನ್ನ ಕರ್ಕಂಡ್ ಬಾ. ಮದ್ದೂರಿನೋರ್ಗೆ ನಾನ್ ಹೇಳ್ಕತೀನಿ."

ಕರೆ ಕಟ್ಟಾಯಿತು. ಬಸ್ಸಿನ ಹತ್ತಿರ ನಿಂತು ಗುರುಸಿದ್ದಯ್ಯನವರು ಎಲ್ಲರನ್ನೂ ಕೂಗುತ್ತಿದ್ದರು. ಹಾರೋಹಳ್ಳಿಯ ಬಸ್ಸು ಒಂದು ಕಡೆ, ಬಿಡದಿಯದು ಇನ್ನೊಂದು ಕಡೆ. ಇಬ್ಬರಿಗೂ ಹೆಜ್ಜೆ ಏಳಲಿಲ್ಲ.

"ದಿನಾ ಹಚ್ತೀರಾ ಅತ್ತೆಗೆ ಎಣ್ಣೆ?" ಭಾನುಪ್ರಿಯ ಮೆಲ್ಲಗೆ ಕೇಳಿದಳು. ಅತ್ತೆ ಎಂದದ್ದು ಅವಳಿಗೇ ಆಮೇಲೆ ಗೊತ್ತಾಯಿತು.

"ದಿನಾ. ಗದ್ದೆಗೆ ಹಾಯ್ಸೋ ಆ ಕೆರೆ ನೀರಲ್ಲಿ ನಿಂತು ಕಾಲೆಲ್ಲ ಒಡ್ದೋಗ್ತದೆ." ಅವನು ಅವಳ ಒದ್ದೆ ಪಾದಗಳನ್ನು ನೋಡಿದ. "ನೀನು ಮಾತ್ರ ಗದ್ದೆಗೆ ಇಳೀಬೇಡ, ಭಾನು."

ಮೊದಲ ಸಲ ಅವನ ಬಾಯಲ್ಲಿ ನೀನು ಬಂದಿತ್ತು.

"ಇಳಿದ್ರೆ?"

"ಇಳಿದ್ರೆ... ಅವ್ವನ ಪಕ್ಕದಲ್ಲೇ ಕೂತ್ಕೋ. ನಿಂಗೂ ಹಚ್ತೀನಿ."