ಮೂರು ಕೆಮ್ಮು

"ನಮ್ಮ ಕಾರಿನ ಇಂಜಿನ್ ಕಳುವಾಗಿದೆ."

ಠಾಣೆಯ ಬೆಂಚಿನ ಮೇಲೆ ಕೂತ ವಯಸ್ಸಾದ ಅಮ್ಮ ಹೇಳಿದ್ದು ಇಷ್ಟೇ. ಇನ್‌ಸ್ಪೆಕ್ಟರ್ ಪೆನ್ನು ಎತ್ತಿಕೊಂಡರು.

"ಕಾರೆಲ್ಲಿದೆ?"

"ಅಂಗಳದಲ್ಲಿ."

"ಓಡುತ್ತಾ?"

"ಚೆನ್ನಾಗೇ ಓಡುತ್ತೆ. ಅದೇ ತೊಂದರೆ."

ಕಾನ್‌ಸ್ಟೇಬಲ್ ನಗು ತಡೆಯಲಾರದೆ ಕಿಟಕಿಯತ್ತ ತಿರುಗಿದ.

"ಇಪ್ಪತ್ತೇಳು ವರ್ಷ ನಮ್ಮ ಯಜಮಾನ್ರು ಓಡಿಸಿದ ಕಾರು. ಕೀ ಆಫ್ ಮಾಡಿದ್ಮೇಲೂ ಮೂರು ಸಲ ಕೆಮ್ಮಿ ನಿಲ್ಲೋದು. ಅವರು ಹೋಗಿ ವರ್ಷದ ಮೇಲಾಯ್ತು. ಮಗಳು ಓಡಿಸಿದಾಗಲೂ ಕೆಮ್ತಿತ್ತು. ನಾನು ತಂಗಿ ಮನೇಲಿ ಎರಡು ತಿಂಗಳಿದ್ದು ಮೊನ್ನೆ ಬಂದೆ. ಈಗ ತೆಪ್ಪಗೆ ನಿಲ್ಲುತ್ತೆ. ಯಾರೋ ನಮ್ಮ ಇಂಜಿನ್ ತೆಗೆದು ಬೇರೆ ಕೂರಿಸಿದಾರೆ."

ಈ ಇನ್‌ಸ್ಪೆಕ್ಟರಿಗೆ ಠಾಣೆಯಲ್ಲಿ 'ಮೂಗು ಸಾಹೇಬರು' ಎಂದೇ ಹೆಸರು. ಕಣ್ಣಿಗಿಂತ ಮೊದಲು ಅವರ ಮೂಗು ತನಿಖೆ ಶುರುಮಾಡುತ್ತದೆ. ಬೇರೆಯವರಾಗಿದ್ದರೆ ಎರಡು ಸಮಾಧಾನದ ಮಾತು ಹೇಳಿ ಕಳಿಸುತ್ತಿದ್ದರು. ಇವರು ಟೋಪಿ ಎತ್ತಿಕೊಂಡು ಹೊರಟೇಬಿಟ್ಟರು.

* * *

ಬಾನೆಟ್ ತೆರೆದರು. ಇಂಜಿನ್ ನಂಬರು ಕಾಗದಪತ್ರದಲ್ಲಿದ್ದದ್ದೇ. ಬೋಲ್ಟುಗಳ ಮೇಲೆ ವರ್ಷಗಳ ಎಣ್ಣೆ, ಧೂಳು ಗಟ್ಟಿಯಾಗಿ ಕೂತಿತ್ತು. ಸ್ಪ್ಯಾನರ್ ತಾಗಿದ ಗುರುತೇ ಇಲ್ಲ.

ಕಾರಿನ ಹಿಂದೆ ಗೋಡೆ. ಸೈಲೆನ್ಸರ್ ಎದುರಿಗೆ ಅಗಲವಾದ ಕಪ್ಪು ಮಸಿ.

"ಈ ಗೋಡೆಗೆ ಬಣ್ಣ ಬಳಿಸಿದ್ದು ಯಾವಾಗಮ್ಮ?"

"ತಂಗಿ ಮನೆಗೆ ಹೋಗೋ ಹಿಂದಿನ ವಾರ."

ಡಿಕ್ಕಿಯಲ್ಲಿ, ಸ್ಟೆಪ್ನಿಯ ಕೆಳಗೆ, ಒಂದು ಕಾಗದ ಸಿಕ್ಕಿತು. ಎಣ್ಣೆ ಸುರಿಯುವ ಆಲಿಕೆಯ ಹಾಗೆ ಸುತ್ತಿದ್ದು. ಮೂಗಿಗೆ ಹಿಡಿದರು. ಸೀಮೆಎಣ್ಣೆಯಂಥ ವಾಸನೆ, ಆದರೆ ಅದಕ್ಕಿಂತ ಘಾಟು. ಸುರುಳಿ ಬಿಚ್ಚಿ ನೋಡಿದರು. ಹುಬ್ಬೇರಿತು. ಮತ್ತೆ ಸುತ್ತಿ ಜೇಬಿಗಿಳಿಸಿದರು.

ಮಗಳು ಬಾಗಿಲಲ್ಲೇ ನಿಂತಿದ್ದಳು. ಶಾಲೆಯಿಂದ ಈಗಷ್ಟೇ ಬಂದ ಟೀಚರು, ಹೆಗಲಿನ ಚೀಲವನ್ನೂ ಇಳಿಸಿರಲಿಲ್ಲ.

"ಬ್ರೇಕ್ ರಿಪೇರಿಗೆ ಅಂತ ಎರಡು ದಿನ ಗ್ಯಾರೇಜಿಗೆ ಬಿಟ್ಟಿದ್ದೆ ಸರ್. ಅಲ್ಲೇನಾದ್ರೂ ಆಯ್ತೇನೋ."

ಹೇಳುವಾಗ ಅವಳು ತಾಯಿಯತ್ತ ನೋಡಲೇ ಇಲ್ಲ.

* * *

"ಇಂಜಿನ್ ಮುಟ್ಟಿಲ್ಲ ಸರ್, ಆಣೆ!" ಮೆಕ್ಯಾನಿಕ್ ಕೈ ಒರೆಸಿಕೊಂಡ. ಸಾಹೇಬರು ಕೊಟ್ಟ ಕಾಗದ ಮೂಸಿದ. "ಇದು ಕಾರ್ಬನ್ ಕ್ಲೀನರ್. ಪೆಟ್ರೋಲ್ ಟ್ಯಾಂಕಿಗೆ ಸುರಿಯೋ ಸಣ್ಣ ಬಾಟ್ಲಿ ಬರುತ್ತಲ್ಲ, ಅದು. ಇಂಜಿನ್ ಒಳಗೆ ಹಿಡಿದಿರೋ ಮಸಿ ಬಿಡಿಸಿ ಆಚೆ ಉಗಿಯುತ್ತೆ."

"ಕೆಮ್ಮು ನಿಂತಿದ್ದು?"

"ಕೆಮ್ಮೋದೇ ಮಸಿಯಿಂದ ಸರ್. ಕೀ ಆಫ್ ಆದ್ರೂ ಮಸಿ ಕೆಂಡದ ಥರ ಕಾದಿರುತ್ತೆ. ಒಳಗೆ ಬಂದ ಪೆಟ್ರೋಲು ಅದಕ್ಕೇ ಹೊತ್ಕೊಳ್ಳುತ್ತೆ. ಹಳೇ ಗಾಡಿಗಳ ಚಾಳಿ."

"ನೀನು ಹಾಕಿದ್ದಾ?"

"ಅಯ್ಯೋ, ಹಾಕ್ತೀನಿ ಅಂದಾಗಲೆಲ್ಲ ಆ ಯಜಮಾನ್ರು ಬೈದಿದಾರೆ. 'ಅದು ನಮ್ಮನೆ ಕಾಲಿಂಗ್ ಬೆಲ್ ಕಣಯ್ಯ. ಕೆಮ್ಮು ಕೇಳಿದ್ರೆ ಅವಳು ಬಾಗಿಲು ತೆಗೀತಾಳೆ' ಅಂತ." ಅವನ ದನಿ ಇಳಿಯಿತು. "ಒಳ್ಳೇ ಮನುಷ್ಯ ಸರ್."

* * *

ಮರುದಿನ ಸಂಜೆ, ಅದೇ ಮನೆಯ ಹಾಲ್.

"ಇಂಜಿನ್ ನಿಮ್ಮದೇ ಅಮ್ಮ. ಹೋಗಿರೋದು ಒಳಗಿನ ಮಸಿ. ಅದೀಗ ಗೋಡೆ ಮೇಲಿದೆ. ಮೆಕ್ಯಾನಿಕ್ ಮಾಡಿದ್ದಲ್ಲ. ಇದು ಎರಡು ದಿನದ ಕೆಲಸ ಅಲ್ಲ. ಒಂದೆರಡು ಟ್ಯಾಂಕ್ ಪೆಟ್ರೋಲಾದ್ರೂ ಉರೀಬೇಕು. ಅಂದ್ರೆ ದಿನಾ ಓಡಿಸೋರೇ ಆಗ್ಬೇಕು. ಅದೂ ನೀವು ಊರಲ್ಲಿಲ್ಲದಾಗ."

ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಯಾವುದೋ ಮಗುವಿನ ಭೂಗೋಳದ ಉತ್ತರಪತ್ರಿಕೆ. ಮೂಲೆಯಲ್ಲಿ ಕೆಂಪು ಇಂಕು: ಹತ್ತಕ್ಕೆ ಏಳು.

"ಈ ಕೆಂಪು ಕೈಬರಹ ಯಾರದು ಟೀಚರ್?"

ಮಗಳು ತಲೆ ತಗ್ಗಿಸಿದಳು. "ನಂದೇ."

"ಯಾಕೆ ಕಣೇ?" ಅಮ್ಮ ಮಗಳತ್ತ ತಿರುಗಿದರು. "ಅವರದು ಅಂತ ಉಳಿದಿದ್ದು ಅದೊಂದೇ ಸದ್ದು."

"ಗೊತ್ತಮ್ಮ. ದಿನಾ ಅದನ್ನ ಕೇಳಿ ಓಡಿ ಬರ್ತೀಯ. ಬಾಗಿಲು ತೆಗೆದು ನನ್ನ ನೋಡಲ್ಲ, ನನ್ನ ಹಿಂದೆ ನೋಡ್ತೀಯ. ಆಮೇಲೆ ನಿನ್ನ ಮುಖ ಸಣ್ಣಗಾಗುತ್ತೆ." ಅವಳು ಉತ್ತರಪತ್ರಿಕೆಯನ್ನು ಮತ್ತೆ ಸುತ್ತತೊಡಗಿದಳು. "ಒಂದು ವರ್ಷ ತಡ್ಕೊಂಡೆ. ಅಪ್ಪ ನನಗೂ ಬೇಕು. ಆದ್ರೆ ಮನೆಗೆ ಬರೋದು ನಾನು ಕಣಮ್ಮ."

ಮೂಗು ಸಾಹೇಬರು ದೂರಿನ ಹಾಳೆಯನ್ನು ಮಡಚಿ ಅಮ್ಮನ ಮುಂದಿಟ್ಟರು.

"ಇದಕ್ಕೆ ನಮ್ಮಲ್ಲಿ ಸೆಕ್ಷನ್ ಇಲ್ಲ."

"ಮತ್ತೆ ಮಸಿ ಹಿಡಿಯುತ್ತಾ ಸಾಹೇಬ್ರೇ?"

"ಹಿಡಿಯುತ್ತಮ್ಮ. ವರ್ಷಗಟ್ಟಲೆ ಬೇಕು."

* * *

ಅದರ ಮರುದಿನ ಸಂಜೆ ಸಾಹೇಬರು ಆ ಬೀದಿಯಲ್ಲೇ ಮನೆಗೆ ಹೊರಟಿದ್ದರು. ಅವರ ಮನೆ ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಅಲ್ಲಿ ಬಾಗಿಲು ತೆಗೆಯುವವರಿಲ್ಲ, ಕೀಲಿ ಅವರ ಜೇಬಿನಲ್ಲೇ ಇರುತ್ತದೆ. ಆ ಮಾತು ಬಿಡಿ.

ಕಾರು ಬಂದು ಅಂಗಳದಲ್ಲಿ ನಿಂತಿತು. ಒಂದು ಕೆಮ್ಮೂ ಇಲ್ಲ.

ಆದರೆ ಬಾಗಿಲು ಆಗಲೇ ತೆರೆದಿತ್ತು. ಅಮ್ಮ ಮೆಟ್ಟಿಲ ಮೇಲಿದ್ದರು. ಕಾರಿನತ್ತ ಒಮ್ಮೆ ನೋಡಿದರು, ಹಳೆಯ ಅಭ್ಯಾಸ. ಆಮೇಲೆ ಮಗಳ ಹೆಗಲಿನಿಂದ ಚೀಲ ಇಳಿಸಿಕೊಂಡರು.

"ಸದ್ದಿಲ್ದೆ ಬರ್ತೀಯಲ್ಲ, ಅದಕ್ಕೇ ನಾಲ್ಕು ಗಂಟೆಯಿಂದ ಇಲ್ಲೇ ನಿಂತಿದೀನಿ."